ಮರಳಿನ ಲೆಕ್ಕ ನೆಲದಿಂದ ಶುರುವಾಗಬೇಕು

ಗಾಳಿಯ ವೇಗ ಎರಡು ಪಟ್ಟಾದರೆ ಅದು ಸಾಗಿಸುವ ಮರಳು ಎಂಟು ಪಟ್ಟಾಗುತ್ತದೆ. ಮರುಭೂಮಿಯನ್ನು ಕುರಿತ ಪಠ್ಯಗಳಲ್ಲಿ, ರಸ್ತೆ ಮತ್ತು ರೈಲುಹಳಿಗಳನ್ನು ಮರಳಿನಿಂದ ಕಾಪಾಡುವ ಎಂಜಿನಿಯರುಗಳ ಕೈಪಿಡಿಗಳಲ್ಲಿ, ಧೂಳಿನ ಬಿರುಗಾಳಿಯನ್ನು ಮುಂಗಾಣುವ ಕಂಪ್ಯೂಟರ್ ಮಾದರಿಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಎಂಟು ದಶಕಗಳಿಂದ ನಡೆದುಬಂದಿದೆ. ಗಾಳಿವೇಗದ ಮೂರನೇ ಘಾತಕ್ಕೆ ತಕ್ಕಂತೆ ಮರಳು ಹರಿಯುತ್ತದೆ ಎನ್ನುವ ಈ ನಿಯಮವನ್ನು ಇಲ್ಲಿ ಘನಸೂತ್ರ ಎಂದು ಕರೆಯುತ್ತೇನೆ. ಸಡಿಲ ಮರಳು ಹಾಸಿರುವ ಬಯಲಿಗೆ, ಅಂದರೆ ಯಾವ ಜಾಗಕ್ಕಾಗಿ ಅದನ್ನು ಕಟ್ಟಿದರೋ ಆ ಜಾಗಕ್ಕೇ, ಘನಸೂತ್ರ ಹೊಂದುವುದಿಲ್ಲ ಎಂಬುದು ನನ್ನ ವಾದ. ಅದರ ಅಂಕಿಗಳಿಗಿಂತ ಮೊದಲು ಅದು ಹೇಳುವ ಕಾರಣವೇ ತಪ್ಪು. ಕಾರಣ ತಪ್ಪಿದ್ದರಿಂದ ಅಂಕಿಗಳೂ ಜಾರಿವೆ, ಆ ಜಾರಿಕೆಗೆ ನಾವು ಇಂದಿಗೂ ಬೆಲೆ ತೆರುತ್ತಿದ್ದೇವೆ.

ಸೂತ್ರವನ್ನು ಕೊಟ್ಟವರು ರಾಲ್ಫ್ ಬ್ಯಾಗ್ನಾಲ್ಡ್ (1896–1990). ಬ್ರಿಟಿಷ್ ಸೇನೆಯಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದ ಅವರು 1920ರ ದಶಕದ ಕೊನೆಯಿಂದ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡನ್ನು ಸುತ್ತಿದರು. 1935ರಲ್ಲಿ ಸೇನೆಯಿಂದ ನಿವೃತ್ತರಾದ ಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿಸುರಂಗ ಕಟ್ಟಿ, ಅದರ ತಳದಲ್ಲಿ ಮರಳು ಹಾಸಿ, ಎಷ್ಟು ಗಾಳಿಗೆ ಎಷ್ಟು ಮರಳು ಸಾಗುತ್ತದೆ ಎಂದು ಅಳೆದರು. 1936ರಲ್ಲಿ ಫಲಿತಾಂಶಗಳು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದವು. 1938ರಲ್ಲಿ ಮತ್ತೆ ಮರುಭೂಮಿಗೆ ಹೋಗಿ ಸುರಂಗದ ಅಳತೆಗಳನ್ನು ಬಯಲಿನಲ್ಲಿ ಪರೀಕ್ಷಿಸಿದರು. 1941ರಲ್ಲಿ ಹೊರಬಂದ ಅವರ ಗ್ರಂಥ ಈ ಕ್ಷೇತ್ರದ ತಾಯಿಬೇರು. ಅದಕ್ಕೆ ಮೊದಲು ಮರಳಿನ ಚಲನೆ ಪ್ರವಾಸಿಗಳ ವರ್ಣನೆಯ ವಸ್ತುವಾಗಿತ್ತು. ಅದನ್ನು ಭೌತವಿಜ್ಞಾನದ ಪ್ರಶ್ನೆಯಾಗಿ ಮಾಡಿದವರು ಬ್ಯಾಗ್ನಾಲ್ಡ್. ನನ್ನ ತಕರಾರು ಅವರ ಪ್ರತಿಭೆಯ ಮೇಲಲ್ಲ. ಅವರ ಒಂದು ಊಹೆಯನ್ನು ಮುಂದಿನವರು ಪರೀಕ್ಷಿಸದೆ ಕೈಯಿಂದ ಕೈಗೆ ದಾಟಿಸಿದ್ದರ ಮೇಲೆ.

ಊಹೆ ಯಾವುದೆಂದು ತಿಳಿಯಲು ಮರಳು ಹೇಗೆ ಚಲಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಗಾಳಿ ಮರಳನ್ನು ಎತ್ತಿ ಹೊತ್ತೊಯ್ಯುತ್ತದೆ ಎಂದೇ ಸಾಮಾನ್ಯವಾಗಿ ಎಲ್ಲರೂ ತಿಳಿದಿರುವುದು. ಧೂಳಿನ ಮಟ್ಟಿಗೆ ಅದು ಸರಿ. ಸುಮಾರು 0.07 ಮಿಲಿಮೀಟರಿಗಿಂತ ಸಣ್ಣ ಕಣಗಳು ಒಮ್ಮೆ ಮೇಲೇರಿದರೆ ಗಾಳಿಯಲ್ಲೇ ತೇಲುತ್ತ ಸಾವಿರಾರು ಕಿಲೋಮೀಟರ್ ಹೋಗಬಲ್ಲವು. ಸುಮಾರು 0.5 ಮಿಲಿಮೀಟರಿಗಿಂತ ದೊಡ್ಡ ಹರಳುಗಳು ನೆಲ ಬಿಡದೆ ತೆವಳುತ್ತವೆ. ಇವೆರಡರ ನಡುವಿನದು, ಅಂದರೆ ನಾವು ಮರಳು ಎನ್ನುವುದರ ಬಹುಪಾಲು, ಜಿಗಿಯುತ್ತ ಸಾಗುತ್ತದೆ. ಒಂದು ಕಣ ನೆಲದಿಂದ ಮೇಲೆ ನೆಗೆಯುತ್ತದೆ, ಕೆಲವು ಸೆಂಟಿಮೀಟರ್ ಎತ್ತರದಲ್ಲಿ ಗಾಳಿಯಿಂದ ವೇಗ ಪಡೆಯುತ್ತದೆ, ಹತ್ತು ಹದಿನೈದು ಡಿಗ್ರಿಯಷ್ಟು ಓರೆಯಾಗಿ ಬಂದು ನೆಲಕ್ಕೆ ಬಡಿಯುತ್ತದೆ. ಬಡಿದದ್ದು ಮತ್ತೆ ಪುಟಿಯುತ್ತದೆ, ಸುತ್ತಲಿನ ಕೆಲವು ಕಣಗಳನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹಾಗೆ ಚಿಮ್ಮಿದವುಗಳಲ್ಲಿ ಕೆಲವು ಗಾಳಿಗೆ ಸಿಕ್ಕಿ ತಾವೂ ಜಿಗಿಯಲು ತೊಡಗುತ್ತವೆ.

ಈ ಸರಪಳಿ ಒಮ್ಮೆ ಶುರುವಾಯಿತೆಂದರೆ ಗಾಳಿ ಯಾವ ಕಣವನ್ನೂ ತಾನಾಗಿ ಎತ್ತಬೇಕಾಗಿಲ್ಲ. ಎತ್ತುವ ಕೆಲಸವನ್ನು ಬೀಳುವ ಕಣಗಳೇ ಮಾಡುತ್ತವೆ. ಇದನ್ನು ಕಂಡವರೂ ಬ್ಯಾಗ್ನಾಲ್ಡ್ ಅವರೇ. ನಿಶ್ಚಲ ಮರಳನ್ನು ಮೊದಲ ಬಾರಿ ಕದಲಿಸಲು ಬೇಕಾದ ಗಾಳಿ ಒಂದಾದರೆ, ಕದಲಿದ್ದನ್ನು ನಡೆಸಿಕೊಂಡು ಹೋಗಲು ಅದರ ಸುಮಾರು ಶೇಕಡಾ 80ರಷ್ಟು ಸಾಕು ಎಂದು ಅವರು ಅಳೆದು ತೋರಿಸಿದರು. ಒಂದು ಆರಂಭದ ಹೊಸ್ತಿಲು, ಇನ್ನೊಂದು ಹೊಡೆತದ ಹೊಸ್ತಿಲು. ಎರಡನೆಯದು ಕೆಳಗಿದೆ ಎಂಬುದೊಂದೇ ಸಾಕು, ಹರಿವನ್ನು ಜೀವಂತವಾಗಿಡುವುದರಲ್ಲಿ ನೆಲದ ಪಾಲು ಎಷ್ಟೆಂದು ಹೇಳಲು.

ಇನ್ನು ಸೂತ್ರ. ಅದರಲ್ಲಿ ಬರುವ ವೇಗ ನಮ್ಮ ಮುಖಕ್ಕೆ ತಾಗುವ ಗಾಳಿಯ ವೇಗವಲ್ಲ. ಗಾಳಿ ನೆಲವನ್ನು ಎಷ್ಟು ಬಲವಾಗಿ ಉಜ್ಜುತ್ತದೆ ಎಂಬುದನ್ನು ವೇಗದ ಅಳತೆಗೆ ಇಳಿಸಿ ಹೇಳುವ ಘರ್ಷಣ ವೇಗ ಅದು. ಅದರ ವರ್ಗವನ್ನು ಗಾಳಿಯ ಸಾಂದ್ರತೆಯಿಂದ ಗುಣಿಸಿದರೆ ಒಂದು ಚದರ ಮೀಟರ್ ನೆಲದ ಮೇಲೆ ಗಾಳಿ ಉಜ್ಜುವ ಬಲ ಸಿಗುತ್ತದೆ. ಬ್ಯಾಗ್ನಾಲ್ಡ್ ಅವರ ತರ್ಕ ಹೀಗಿತ್ತು: ಪ್ರತಿ ಜಿಗಿತದಲ್ಲೂ ಕಣ ಗಾಳಿಯಿಂದ ಒಂದಿಷ್ಟು ಸಂವೇಗವನ್ನು ಕಸಿದು ನೆಲಕ್ಕೆ ಒಪ್ಪಿಸುತ್ತದೆ. ಎಲ್ಲ ಕಣಗಳೂ ಹೀಗೆ ಕಸಿದದ್ದರ ಒಟ್ಟು ಮೊತ್ತ ಗಾಳಿಯ ಉಜ್ಜುವ ಬಲಕ್ಕೆ ಸಮ. ಗಾಳಿಯಲ್ಲಿ ಎಷ್ಟು ಮರಳು ಇರಬಲ್ಲದು ಎಂಬುದನ್ನು ಈ ಸಮೀಕರಣವೇ ಕಟ್ಟುತ್ತದೆ. ಇಲ್ಲಿಯವರೆಗೆ ಘರ್ಷಣ ವೇಗದ ವರ್ಗ ಬಂತು. ಮೂರನೇ ಘಾತ ಬರಬೇಕಾದರೆ ಇನ್ನೊಂದು ವೇಗ ಬೇಕು. ಅದಕ್ಕಾಗಿ ಅವರು ಕಣ ನೆಲದಿಂದ ಮೇಲೆ ನೆಗೆಯುವ ವೇಗವೂ ಘರ್ಷಣ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ಊಹಿಸಿದರು. ಗಾಳಿ ಬಿರುಸಾದರೆ ಜಿಗಿತವೂ ಎತ್ತರ, ಕಣವೂ ವೇಗ. ಕೇಳಿದ ಯಾರಿಗೂ ಸಹಜ ಎನ್ನಿಸುವ ಮಾತು. ಸೂತ್ರವಿಡೀ ನಿಂತಿರುವುದು ಈ ಒಂದು ಮಾತಿನ ಮೇಲೆ, ಮುರಿಯುವುದೂ ಇಲ್ಲಿಯೇ.

ಹರಿವು ಸ್ಥಿರವಾಗಿ ನಡೆಯುತ್ತಿದೆ ಎಂದುಕೊಳ್ಳಿ. ಮರಳಿನ ಪ್ರಮಾಣ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಹಾಗಿರಬೇಕಾದರೆ ನೆಲಕ್ಕೆ ಬೀಳುವ ಪ್ರತಿ ಕಣಕ್ಕೆ ಪ್ರತಿಯಾಗಿ ಸರಾಸರಿ ಒಂದೇ ಕಣ ಮೇಲೇಳಬೇಕು, ಅದು ಪುಟಿದದ್ದಾಗಿರಲಿ, ಹೊಸದಾಗಿ ಚಿಮ್ಮಿದ್ದಾಗಿರಲಿ. ಒಂದಕ್ಕಿಂತ ಹೆಚ್ಚು ಎದ್ದರೆ ಹರಿವು ಉಬ್ಬುತ್ತ ಹೋಗುತ್ತದೆ, ಕಡಿಮೆಯಾದರೆ ಬತ್ತುತ್ತದೆ. ಬಿದ್ದ ಕಣ ಎಷ್ಟನ್ನು ಎಬ್ಬಿಸುತ್ತದೆ ಎಂಬುದು ಅದು ಬಡಿಯುವ ವೇಗವನ್ನು ಅವಲಂಬಿಸಿದೆ. ಹಾಗಾದರೆ ಒಂದಕ್ಕೆ ಒಂದನ್ನೇ ಎಬ್ಬಿಸುವ ನಿರ್ದಿಷ್ಟ ವೇಗವೊಂದು ಇರಲೇಬೇಕು. ಕಣದ ಗಾತ್ರ, ಹರಳುಗಳು ಒಂದರ ಮೇಲೊಂದು ಕೂತಿರುವ ಬಗೆ, ಗುರುತ್ವ ಇವು ಸೇರಿ ಅದನ್ನು ನಿರ್ಧರಿಸುತ್ತವೆ. ಮೇಲೆ ಗಾಳಿ ಎಷ್ಟು ಬೀಸುತ್ತಿದೆ ಎಂಬುದಕ್ಕೆ ಇದರಲ್ಲಿ ಪಾತ್ರವಿಲ್ಲ.

ಈಗ ಗಾಳಿ ಬಿರುಸಾಯಿತು ಅನ್ನಿ. ಕ್ಷಣಕಾಲ ಕಣಗಳು ಹೆಚ್ಚು ವೇಗದಿಂದ ಬಡಿಯುತ್ತವೆ, ಒಂದಕ್ಕೆ ಒಂದಕ್ಕಿಂತ ಹೆಚ್ಚು ಕಣ ಏಳುತ್ತವೆ, ಗಾಳಿಯಲ್ಲಿ ಮರಳಿನ ಸಂಖ್ಯೆ ಏರುತ್ತದೆ. ಹೆಚ್ಚಿದ ಕಣಗಳೆಲ್ಲ ಗಾಳಿಯಿಂದ ಸಂವೇಗ ಕಸಿಯುವುದರಿಂದ ನೆಲದ ಬಳಿಯ ಗಾಳಿ ನಿಧಾನವಾಗುತ್ತದೆ. ಕಣಗಳ ವೇಗ ಇಳಿದು ಮೊದಲಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಕೊನೆಗೆ ಉಳಿಯುವುದು ಹೆಚ್ಚು ಕಣಗಳು, ಹಳೆಯದೇ ವೇಗ. ಜಾತ್ರೆಗೆ ಜನ ಹೆಚ್ಚಾದಾಗ ಬಸ್ಸುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಬಸ್ಸಿನ ವೇಗ ಹೆಚ್ಚುವುದಿಲ್ಲವಲ್ಲ, ಹಾಗೆ.

ಹರಿವು ಎಂದರೆ ಗಾಳಿಯಲ್ಲಿರುವ ಮರಳಿನ ರಾಶಿ ಮತ್ತು ಅದರ ವೇಗದ ಗುಣಲಬ್ಧ. ವೇಗ ಬದಲಾಗದಿದ್ದರೆ ಉಳಿಯುವುದು ರಾಶಿ ಮಾತ್ರ. ಹೊಸ್ತಿಲನ್ನು ದಾಟಿ ಉಜ್ಜುವ ಬಲ ಎಷ್ಟು ಮಿಕ್ಕಿದೆಯೋ ಅದಕ್ಕೆ ನೇರ ಅನುಪಾತದಲ್ಲಿ ಈ ರಾಶಿ ಹೆಚ್ಚುತ್ತದೆ. ಆದ್ದರಿಂದ ಮರಳಿನ ಹರಿವು ಘರ್ಷಣ ವೇಗದ ವರ್ಗದಿಂದ ಹೊಸ್ತಿಲಿನ ವರ್ಗವನ್ನು ಕಳೆದಷ್ಟು. ಮೂರನೇ ಘಾತಕ್ಕೆ ಇಲ್ಲಿ ಜಾಗವೇ ಇಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಎಂದರೆ ಇದರ ಸುಳಿವು ಬ್ಯಾಗ್ನಾಲ್ಡ್ ಅವರ ಸುರಂಗದಲ್ಲೇ ಇತ್ತು ಎಂಬುದು. ಮರಳು ಹರಿಯುತ್ತಿರುವಾಗ ಬೇರೆ ಬೇರೆ ಎತ್ತರಗಳಲ್ಲಿ ಗಾಳಿವೇಗ ಅಳೆದು ಅವರು ರೇಖೆಗಳನ್ನು ಎಳೆದಿದ್ದರು. ಹೊರಗಿನ ಗಾಳಿ ಎಷ್ಟೇ ಇರಲಿ, ಆ ರೇಖೆಗಳೆಲ್ಲ ನೆಲದಿಂದ ಕೆಲವೇ ಮಿಲಿಮೀಟರ್ ಮೇಲೆ ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಕೂಡುತ್ತಿದ್ದವು. ಅದನ್ನು ಇಂದಿಗೂ ಬ್ಯಾಗ್ನಾಲ್ಡ್ ನಾಭಿ ಎನ್ನುತ್ತಾರೆ. ಆ ಎತ್ತರದಲ್ಲಿ ಗಾಳಿಯ ವೇಗ ಹೊರಗಿನ ಬಿರುಸಿನಿಂದ ಬದಲಾಗುವುದಿಲ್ಲ. ಅದಕ್ಕಿಂತ ಕೆಳಗೆ, ಹೊರಗಿನ ಗಾಳಿ ಬಿರುಸಾದಷ್ಟೂ ಒಳಗಿನ ಗಾಳಿ ಮಂದವಾಗುತ್ತದೆ. ನೆಲದ ಹತ್ತಿರದ ಗಾಳಿ ಹೀಗೆ ಕಟ್ಟಿಹಾಕಿದಂತೆ ನಿಂತಿರುವಾಗ, ಬಹುಪಾಲು ಅಲ್ಲೇ ಓಡಾಡುವ ಕಣಗಳು ಹೊರಗಿನ ಗಾಳಿಗೆ ತಕ್ಕಂತೆ ವೇಗ ಪಡೆಯುವುದು ಹೇಗೆ? ಒಂದೇ ಗ್ರಂಥದಲ್ಲಿ ನಾಭಿಯೂ ಇದೆ, ಘನಸೂತ್ರವೂ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ್ದರೆ ಒಂದು ಇನ್ನೊಂದನ್ನು ಅಲ್ಲಗಳೆಯುತ್ತದೆ ಎಂದು ಕಾಣುತ್ತಿತ್ತು. ಓದಿದವರು ನಾಭಿಯನ್ನು ಕೌತುಕವೆಂದು ಬದಿಗಿಟ್ಟು ಸೂತ್ರವನ್ನು ಹಿಡಿದುಕೊಂಡರು.

ಮುಂದಿನ ತಿದ್ದುಪಡಿಗಳೂ ಅರ್ಧದಾರಿಗೇ ನಿಂತವು. 1951ರಲ್ಲಿ ಜಪಾನಿನ ಕವಾಮುರಾ ಸೂತ್ರದೊಳಗೆ ಹೊಸ್ತಿಲನ್ನು ತಂದರು. ಬ್ಯಾಗ್ನಾಲ್ಡ್ ಸೂತ್ರ ಮರಳು ಕದಲಲಾರದಷ್ಟು ಮಂದ ಗಾಳಿಗೂ ಒಂದು ಹರಿವನ್ನು ಲೆಕ್ಕ ಹಾಕಿ ಕೊಡುತ್ತಿತ್ತು, ಆ ದೋಷ ಹೋಯಿತು, ಘಾತ ಮಾತ್ರ ಹಾಗೇ ಉಳಿಯಿತು. 1964ರಲ್ಲಿ ಓವೆನ್ ಬಹಳ ದೊಡ್ಡ ಮಾತು ಹೇಳಿದರು: ಹರಿವು ಸ್ಥಿರವಾದಾಗ ನೆಲದ ಮೇಲೆ ಗಾಳಿ ನೇರವಾಗಿ ಉಜ್ಜುವ ಬಲ ಹೊಸ್ತಿಲಿನ ಮಟ್ಟಕ್ಕೆ ಇಳಿದು ನಿಲ್ಲುತ್ತದೆ, ಮಿಕ್ಕದ್ದನ್ನು ಕಣಗಳು ಹೊರುತ್ತವೆ. ಆದರೆ ಕಣದ ನೆಗೆತ ಘರ್ಷಣ ವೇಗಕ್ಕೆ ತಕ್ಕಂತೆ ಎಂಬ ಹಳೆಯ ಊಹೆಯನ್ನು ಅವರೂ ಬಿಡಲಿಲ್ಲ. ಹಾಗಾಗಿ ಅವರ ಲೆಕ್ಕದಲ್ಲೂ ಮರಳಿನ ಪದರ ಗಾಳಿಯೊಂದಿಗೆ ಎತ್ತರವಾಗುತ್ತ ಹೋಗುತ್ತದೆ. 1978ರಲ್ಲಿ ಲೆಟ್ಟಾವ್ ದಂಪತಿ ಕೊಟ್ಟ ಸೂತ್ರವೂ ಇದೇ ವಂಶದ್ದು.

ಘನಸೂತ್ರ ಇಷ್ಟು ಗಟ್ಟಿಯಾಗಿ ಬೇರುಬಿಟ್ಟದ್ದಕ್ಕೆ ಅದರ ಅಚ್ಚುಕಟ್ಟುತನವೂ ಕಾರಣ. ಗಾಳಿಯ ಸಾಂದ್ರತೆ, ಘರ್ಷಣ ವೇಗ, ಗುರುತ್ವ ಈ ಮೂರನ್ನೇ ಇಟ್ಟುಕೊಂಡು ಹರಿವಿನ ಅಳತೆಮಾನಕ್ಕೆ ಹೊಂದುವ ಪದ ಕಟ್ಟಿ ಎಂದರೆ ಬರುವುದು ಒಂದೇ: ಸಾಂದ್ರತೆಯನ್ನು ವೇಗದ ಮೂರನೇ ಘಾತದಿಂದ ಗುಣಿಸಿ ಗುರುತ್ವದಿಂದ ಭಾಗಿಸಿದ್ದು. ಬೇರೆ ದಾರಿಯೇ ಇಲ್ಲವಾದ್ದರಿಂದ ಪ್ರಕೃತಿಯೇ ಹೇಳಿದಂತೆ ಕೇಳುತ್ತದೆ. ಹೊಸ್ತಿಲು ವೇಗ ಎಂಬ ಇನ್ನೊಂದು ವೇಗ ಒಳಗೆ ಬಂದೊಡನೆ ಆ ಒತ್ತಾಯ ಕರಗುತ್ತದೆ. ಎರಡು ವೇಗಗಳಿದ್ದರೆ ಯಾವ ಘಾತವೂ ಅಳತೆಮಾನಕ್ಕೆ ಹೊಂದುತ್ತದೆ, ಆಗ ಘಾತವನ್ನು ನಿರ್ಧರಿಸಬೇಕಾದ್ದು ಕಣಗಳ ವರ್ತನೆ. ಇನ್ನೊಂದು ಕಾರಣ ಸೂತ್ರದೊಳಗಿನ ಸ್ಥಿರಾಂಕ. ಒಂದೇ ಗಾತ್ರದ ಮರಳಿಗೆ 1.5, ದಿಬ್ಬದ ಸಹಜ ಮರಳಿಗೆ 1.8, ಬಗೆಬಗೆಯ ಗಾತ್ರಗಳ ಬೆರಕೆಗೆ 2.8 ಎಂದು ಬ್ಯಾಗ್ನಾಲ್ಡ್ ಕೊಟ್ಟಿದ್ದರು. ಬಳಸುವವರು ತಮ್ಮ ಊರಿನ ಅಳತೆಗೆ ಕೂರುವಂತೆ ಇದನ್ನು ತಿದ್ದಿಕೊಳ್ಳುತ್ತ ಹೋದರು. ಅಳತೆಯ ಹರವು ಕಿರಿದಾಗಿರುವಾಗ ತಪ್ಪು ಘಾತವನ್ನು ಸರಿ ಸ್ಥಿರಾಂಕ ಬಚ್ಚಿಡಬಲ್ಲದು. ಬಚ್ಚಿಟ್ಟದ್ದು ಹೊರಬೀಳುವುದು ಅಳೆಯದ ಗಾಳಿಗೆ ಲೆಕ್ಕ ವಿಸ್ತರಿಸಿದಾಗ.

ಕಣಗಳ ವರ್ತನೆಯನ್ನೇ ಮೊದಲಿಟ್ಟು ಲೆಕ್ಕ ಹಾಕಿದವರು 1987ರಲ್ಲಿ ಅಂಗರ್ ಮತ್ತು ಹಾಫ್. ಮೇಲೆ ಹೇಳಿದ ಒಂದಕ್ಕೆ ಒಂದು ಎಂಬ ತರ್ಕ ಅವರ ಪ್ರಬಂಧದ ಬೆನ್ನೆಲುಬು. ಮರುವರ್ಷ ರಾಬರ್ಟ್ ಆಂಡರ್ಸನ್ ಮತ್ತು ಹಾಫ್ ಒಂದು ಕಣ ನೆಲಕ್ಕೆ ಬಡಿದಾಗ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಅದರಿಂದ ಇಡೀ ಹರಿವನ್ನು ಕಟ್ಟಿದರು. ಗಾಳಿ ಮತ್ತು ಮರಳಿನ ಕೊಡುಕೊಳ್ಳುವಿಕೆ ಒಂದೆರಡು ಸೆಕೆಂಡುಗಳಲ್ಲೇ ಸಮತೋಲಕ್ಕೆ ಬರುವುದನ್ನು ಆ ಮಾದರಿ ತೋರಿಸಿತು. ಮಾದರಿ ಅಷ್ಟೇ ಅಲ್ಲ, ಬಯಲಿನ ಅಳತೆಯೂ ಅದೇ ದಿಕ್ಕಿಗೆ ಬೆರಳು ಮಾಡಿತು. ಕ್ಯಾಲಿಫೋರ್ನಿಯಾದ ಓಶಿಯಾನೋ ಕರಾವಳಿಯಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಮರಳು ಹಿಡಿದು ತೂಗಿದ ನಮಿಕಾಸ್, ಗಾಳಿ ಬದಲಾದರೂ ಕಣಗಳ ನೆಗೆತದ ವೇಗ ಬದಲಾಗುವುದಿಲ್ಲ ಎಂದುಕೊಂಡರೇ ಅಳತೆಗಳು ಹೊಂದುತ್ತವೆ ಎಂದು 2003ರಲ್ಲಿ ಬರೆದರು. 2009ರಲ್ಲಿ ಫ್ರಾನ್ಸಿನ ರೆನ್ ನಗರದ ಭೌತವಿಜ್ಞಾನಿಗಳು ಗಾಳಿಸುರಂಗದಲ್ಲಿ ಒಂದೊಂದು ಕಣದ ಹಾದಿಯನ್ನೂ ಕ್ಯಾಮೆರಾದಲ್ಲಿ ಹಿಡಿದು, ನೆಲದ ಬಳಿ ಕಣದ ವೇಗ ಹೊರಗಿನ ಗಾಳಿಯನ್ನು ಅವಲಂಬಿಸಿಲ್ಲ ಎಂದು ನೇರವಾಗಿ ತೋರಿಸಿದರು.

ಇವೆಲ್ಲಕ್ಕೂ ಮುದ್ರೆ ಒತ್ತಿದ್ದು 2017ರಲ್ಲಿ ರಾಲೀ ಮಾರ್ಟಿನ್ ಮತ್ತು ಯಾಸ್ಪರ್ ಕಾಕ್ ಪ್ರಕಟಿಸಿದ ಅಧ್ಯಯನ. ಬ್ರೆಜಿಲ್‌ನ ಜೆರಿಕೊಅಕೊಆರಾ, ಕ್ಯಾಲಿಫೋರ್ನಿಯಾದ ರ‍್ಯಾಂಚೋ ಗ್ವಾಡಲೂಪೆ ಮತ್ತು ಓಶಿಯಾನೋ ಎಂಬ ಮೂರು ಮರಳುಬಯಲುಗಳಲ್ಲಿ ಅವರು ಗಾಳಿಯನ್ನೂ ಮರಳನ್ನೂ ಜೊತೆಜೊತೆಗೆ ಅಳೆದರು. ಗಾಳಿ ಎಷ್ಟು ಬದಲಾದರೂ ಜಿಗಿಯುವ ಮರಳಿನ ಪದರದ ಎತ್ತರ ಬದಲಾಗಲಿಲ್ಲ. ಹರಿವು ಹೊಸ್ತಿಲಿಗಿಂತ ಮಿಕ್ಕ ಉಜ್ಜುವ ಬಲಕ್ಕೆ ನೇರ ಅನುಪಾತದಲ್ಲಿತ್ತು. ಪದರ ಎತ್ತರವಾಗಬೇಕಿತ್ತು ಎಂಬ ಓವೆನ್ ಅವರ ನಿರೀಕ್ಷೆಯೂ, ಘನಸೂತ್ರವೂ ಒಟ್ಟಿಗೆ ಬಿದ್ದವು.

ವ್ಯತ್ಯಾಸ ಎಷ್ಟು ದೊಡ್ಡದು ಎಂದು ಅಂಕಿಗಳಲ್ಲೇ ನೋಡೋಣ. ಹೊಡೆತದ ಹೊಸ್ತಿಲು ಸೆಕೆಂಡಿಗೆ 0.2 ಮೀಟರ್ ಎಂದಿಟ್ಟುಕೊಳ್ಳಿ, ಕಾಲು ಮಿಲಿಮೀಟರ್ ಮರಳಿಗೆ ಹತ್ತಿರದ ಅಂಕಿ ಅದು. ಘರ್ಷಣ ವೇಗ 0.25ರಿಂದ 0.3ಕ್ಕೆ ಏರಿದರೆ ಬ್ಯಾಗ್ನಾಲ್ಡ್ ಸೂತ್ರದಲ್ಲಿ ಹರಿವು 1.7 ಪಟ್ಟಾಗುತ್ತದೆ, ನೇರ ಅನುಪಾತದ ನಿಯಮದಲ್ಲಿ 2.2 ಪಟ್ಟು. 0.4ರಿಂದ 0.6ಕ್ಕೆ ಏರಿದರೆ ಬ್ಯಾಗ್ನಾಲ್ಡ್ ಸೂತ್ರದಲ್ಲಿ ಸುಮಾರು 3.4 ಪಟ್ಟು, ನೇರ ನಿಯಮದಲ್ಲಿ 2.7 ಪಟ್ಟು. ಹೊಸ್ತಿಲಿನ ಬಳಿ ಹಳೆಯ ಸೂತ್ರ ಮರಳಿನ ಚುರುಕನ್ನು ಕಡಿಮೆ ಅಂದಾಜಿಸುತ್ತದೆ, ಬಿರುಗಾಳಿಯಲ್ಲಿ ಹೆಚ್ಚು ಅಂದಾಜಿಸುತ್ತದೆ. ಹೊಸ್ತಿಲನ್ನು ಸೇರಿಸಿಕೊಂಡ ಕವಾಮುರಾ ಸೂತ್ರದಲ್ಲಿ ಮೊದಲ ದೋಷ ಇಲ್ಲ, ಎರಡನೆಯದು ಇನ್ನೂ ದೊಡ್ಡದು. 0.3ರಲ್ಲಿ ಎರಡೂ ಸೂತ್ರಗಳು ಒಂದೇ ಉತ್ತರ ಕೊಡುವಂತೆ ಸ್ಥಿರಾಂಕ ಹೊಂದಿಸಿ 0.6ಕ್ಕೆ ಹೋದರೆ ನೇರ ನಿಯಮ 6.4 ಪಟ್ಟು ಎನ್ನುವಲ್ಲಿ ಕವಾಮುರಾ ಸೂತ್ರ 10.2 ಪಟ್ಟು ಎನ್ನುತ್ತದೆ. ಒಂದೂವರೆ ಪಟ್ಟಿಗೂ ಮಿಕ್ಕಿದ ಅತಿ ಅಂದಾಜು ಅದು.

ಈ ತಪ್ಪು ಪ್ರಯೋಗಾಲಯದಲ್ಲೇ ಉಳಿದಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 1979ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಪುಟವೊಂದರಲ್ಲಿ ಫ್ರೈಬರ್ಗರ್ ಮತ್ತು ಡೀನ್, ಒಂದು ಸ್ಥಳದ ಗಾಳಿ ವರ್ಷಕ್ಕೆ ಎಷ್ಟು ಮರಳನ್ನು ಎತ್ತ ಸಾಗಿಸಬಲ್ಲದು ಎಂದು ಹವಾಮಾನ ಕೇಂದ್ರದ ದಾಖಲೆಯಿಂದಲೇ ಲೆಕ್ಕ ಹಾಕುವ ವಿಧಾನ ಕೊಟ್ಟರು. ಲೆಟ್ಟಾವ್ ಸೂತ್ರದಿಂದ ಹುಟ್ಟಿದ ಆ ವಿಧಾನದಲ್ಲಿ ಗಾಳಿವೇಗದ ವರ್ಗವನ್ನು ವೇಗ ಹೊಸ್ತಿಲನ್ನು ಮೀರಿದ ಅಂತರದಿಂದ ಗುಣಿಸುತ್ತಾರೆ. ಮತ್ತೆ ಮೂರನೇ ಘಾತ. ಸಹಾರಾದಿಂದ ಚೀನಾದವರೆಗೆ ದಿಬ್ಬಗಳ ನಕ್ಷೆ ಬರೆಯುವವರು, ಮರಳುಬೇಲಿ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವವರು ಇಂದಿಗೂ ಬಳಸುವುದು ಇದನ್ನೇ. ಧೂಳಿನ ಲೆಕ್ಕಕ್ಕೂ ಇದೇ ಗತಿ. ಜಿಗಿಯುವ ಮರಳು ನೆಲಕ್ಕೆ ಬಡಿದಾಗಲೇ ಸೂಕ್ಷ್ಮ ಧೂಳು ಬಿಡುಗಡೆಯಾಗುವುದು. ಗೋಕಾರ್ಟ್ ಎಂಬ ಹೆಸರಿನ ಜಾಗತಿಕ ಮಾದರಿ ಧೂಳು ಏಳುವುದನ್ನು 10 ಮೀಟರ್ ಎತ್ತರದ ಗಾಳಿವೇಗದಿಂದ, ಇದೇ ಮೂರನೇ ಘಾತದ ರೂಪದಲ್ಲಿ ಲೆಕ್ಕ ಹಾಕುತ್ತದೆ.

ಮೂರನೇ ಘಾತ ಬಳಸಿದಾಗ ವರ್ಷದ ಲೆಕ್ಕದಲ್ಲಿ ಕೆಲವೇ ಬಿರುಗಾಳಿಯ ದಿನಗಳು ಮಿಕ್ಕೆಲ್ಲ ದಿನಗಳನ್ನು ನುಂಗಿಬಿಡುತ್ತವೆ. ಮರಳಿನ ಕೆಲಸವೆಲ್ಲ ಬಿರುಗಾಳಿಯದು ಎಂಬ ಜನಜನಿತ ನಂಬಿಕೆಗೆ ಇದೂ ಒಂದು ಆಸರೆ. ನೇರ ನಿಯಮದಲ್ಲಿ ಸಾಧಾರಣ ಗಾಳಿಯ ದಿನಗಳ ಪಾಲು ಹೆಚ್ಚುತ್ತದೆ. ಒಂದು ಋತುವಿನಲ್ಲಿ ಒಂದು ದಿಕ್ಕಿನಿಂದ ಬಿರುಗಾಳಿ, ಇನ್ನೊಂದು ಋತುವಿನಲ್ಲಿ ಬೇರೆ ದಿಕ್ಕಿನಿಂದ ಹದವಾದ ಗಾಳಿ ಬೀಸುವ ಊರಿನಲ್ಲಿ ಮರಳು ಒಟ್ಟಾರೆ ಎತ್ತ ಸಾಗುತ್ತದೆ ಎಂಬ ಉತ್ತರವೇ ಘಾತದ ಮೇಲೆ ನಿಂತಿದೆ. ಘಾತ ತಪ್ಪಿದರೆ ಮೊತ್ತದ ಜೊತೆಗೆ ದಿಕ್ಕೂ ತಪ್ಪುತ್ತದೆ, ಬೇಲಿ ನಿಲ್ಲಬಾರದ ಕಡೆ ನಿಲ್ಲುತ್ತದೆ. ರಾಜಸ್ಥಾನದ ಥಾರ್‌ನಲ್ಲಿ ಇಂದಿರಾ ಗಾಂಧಿ ಕಾಲುವೆಯೊಳಗೆ ಮರಳು ತುಂಬುವುದನ್ನು ತಡೆಯಲು ಉದ್ದಕ್ಕೂ ಮರಗಳ ಸಾಲು ಬೆಳೆಸಬೇಕಾಯಿತು. ಅಂಥ ಕಡೆ ಯಾವ ಋತುವಿನ ಗಾಳಿಯನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಹಣದ ಪ್ರಶ್ನೆ, ನೀರಿನ ಪ್ರಶ್ನೆ.

ಘನಸೂತ್ರದ ಪರವಾಗಿ ಬರಬಹುದಾದ ಮೂರು ಆಕ್ಷೇಪಗಳನ್ನು ಗಂಭೀರವಾಗಿ ಎದುರಿಸಬೇಕು. ಮೊದಲನೆಯದು, ಮೂರನೇ ಘಾತ ಕಂಡಿದೆ ಎನ್ನುವ ಪ್ರಾಮಾಣಿಕ ಅಳತೆಗಳಿವೆ, ಅವೆಲ್ಲ ಸುಳ್ಳೇ? ಇಲ್ಲ. 2011ರಲ್ಲಿ ರೆನ್‌ನ ತಂಡವೇ ಇದಕ್ಕೆ ಉತ್ತರ ಕೊಟ್ಟಿತು. ಅವರು ಒಂದೇ ಮರಳನ್ನು ಒಮ್ಮೆ ಸಡಿಲ ಹಾಸಿನ ಮೇಲೆ, ಇನ್ನೊಮ್ಮೆ ಕದಲದ ಗಟ್ಟಿ ತಳದ ಮೇಲೆ ಹರಿಸಿದರು. ಸಡಿಲ ಹಾಸಿನಲ್ಲಿ ವರ್ಗದ ನಿಯಮ ಬಂತು, ಗಟ್ಟಿ ತಳದಲ್ಲಿ ಮೂರನೇ ಘಾತ. ಗಟ್ಟಿ ನೆಲ ಹೊಸ ಕಣಗಳನ್ನು ಕೊಡದು, ಕೊಡದಿದ್ದರೆ ಕಣಗಳ ಸಂಖ್ಯೆ ಏರಿ ಗಾಳಿಯನ್ನು ಹಿಡಿದು ನಿಲ್ಲಿಸದು, ಹಾಗಾಗಿ ಕಣಗಳು ಗಾಳಿಯೊಂದಿಗೆ ವೇಗ ಪಡೆಯುತ್ತ ಹೋಗುತ್ತವೆ. ಘನಸೂತ್ರಕ್ಕೆ ಜಲ್ಲಿ ಹಾಸಿದ ಬಯಲು, ಗಟ್ಟಿ ಹೆಪ್ಪುಗಟ್ಟಿದ ಮಣ್ಣು, ಡಾಂಬರು ರಸ್ತೆ ಇವುಗಳಲ್ಲಿ ಸಲ್ಲುವ ಜಾಗವಿದೆ. ದಿಬ್ಬದ ಮೇಲೆ ಅದಕ್ಕೆ ಜಾಗವಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ: ಗಾಳಿ ಒಂದೇ, ಮರಳು ಒಂದೇ, ಬದಲಾದದ್ದು ನೆಲ, ನಿಯಮವೂ ಅದರೊಂದಿಗೆ ಬದಲಾಯಿತು.

ಎರಡನೆಯದು, ನೇರ ನಿಯಮವೂ ಎಲ್ಲ ಗಾಳಿಗೂ ಸಲ್ಲುವುದಿಲ್ಲ. ನಿಜ. ಅತಿ ಬಿರುಸಾದ ಗಾಳಿಯಲ್ಲಿ ಕಣಗಳು ಎಷ್ಟು ಒತ್ತೊತ್ತಾಗುತ್ತವೆ ಎಂದರೆ ಗಾಳಿಯಲ್ಲೇ ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗುತ್ತವೆ. ಆಗ ಹರಿವು ಇನ್ನೂ ಕಡಿದಾಗಿ ಏರುತ್ತದೆ ಎಂದು 2020ರಲ್ಲಿ ಪ್ರಕಟವಾದ ಸುರಂಗದ ಪ್ರಯೋಗಗಳು ತೋರಿಸಿವೆ. ಆದರೆ ಆ ಏರಿಕೆಯನ್ನು ತೋರಿಸಿ ಘನಸೂತ್ರವನ್ನು ಬದುಕಿಸಲಾಗದು. ಅಲ್ಲಿ ಕಂಡದ್ದು ನಾಲ್ಕನೇ ಘಾತದತ್ತ ಸಾಗುವ ವರ್ತನೆ, ಅದರ ಕಾರಣ ಕಣಗಳ ಪರಸ್ಪರ ಡಿಕ್ಕಿ. ಗಾಳಿ ಬಿರುಸಾದಂತೆ ನೆಗೆತವೂ ಬಿರುಸಾಗುತ್ತದೆ ಎಂಬ ಹಳೆಯ ಊಹೆಗೆ ಅದರಿಂದ ಯಾವ ಬೆಂಬಲವೂ ಸಿಗದು.

ಮೂರನೆಯದು ಹೆಚ್ಚು ಕೇಳಿಬರುವ ಮಾತು. ಬಯಲಿನಲ್ಲಿ ಗಾಳಿ ಒಂದೇ ಸಮ ಬೀಸುವುದಿಲ್ಲ, ತೇವವಿದೆ, ಹುಲ್ಲಿದೆ, ಮರಳು ಹಾವಿನಂತೆ ಹೆಣೆದುಕೊಂಡ ಎಳೆಗಳಲ್ಲಿ ಓಡುತ್ತದೆ. ಇವುಗಳಿಂದ ಬರುವ ಅನಿಶ್ಚಿತತೆಯ ಮುಂದೆ ಘಾತ ಎರಡೋ ಮೂರೋ ಎಂಬ ಜಗಳ ಏಕೆ? ಈ ಮಾತನ್ನು ನಾನು ಒಪ್ಪಲಾರೆ. ಗಾಳಿಯ ಏರಿಳಿತದಿಂದ ಬರುವ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ದೀರ್ಘಕಾಲದ ಸರಾಸರಿಯಲ್ಲಿ ಅದು ಬಹುಮಟ್ಟಿಗೆ ಸಮವಾಗುತ್ತದೆ. ಘಾತದ ತಪ್ಪು ಯಾವಾಗಲೂ ಒಂದೇ ಕಡೆಗೆ, ಬಿರುಗಾಳಿಯ ಪಾಲನ್ನು ಹಿಗ್ಗಿಸುವ ಕಡೆಗೆ, ವಾಲುತ್ತದೆ. ಎಷ್ಟು ವರ್ಷದ ದಾಖಲೆ ಸೇರಿಸಿದರೂ ಅದು ಹೋಗುವುದಿಲ್ಲ, ರಾಶಿಯಾಗುತ್ತ ಹೋಗುತ್ತದೆ. ತೇವ, ಹುಲ್ಲುಗಳೇ ಮುಖ್ಯ ಎನ್ನುವವರು ತಮಗರಿವಿಲ್ಲದೆ ನನ್ನ ಕಡೆಯೇ ಮಾತಾಡುತ್ತಿದ್ದಾರೆ. ಅವೆಲ್ಲ ನೆಲದ ಸಂಗತಿಗಳೇ.

ನೆಲವನ್ನು ಮರೆತು ಗಾಳಿಯನ್ನಷ್ಟೇ ಕೇಳಿದಾಗ ಎಂಥ ತಪ್ಪಾಗುತ್ತದೆ ಎಂಬುದಕ್ಕೆ ಮಂಗಳ ಗ್ರಹ ಸಾಕ್ಷಿ. ಅಲ್ಲಿನ ವಾತಾವರಣ ಬಹಳ ತೆಳು. ನಿಶ್ಚಲ ಮರಳನ್ನು ಎತ್ತಲು ಬೇಕಾದಷ್ಟು ಗಾಳಿ ಅಲ್ಲಿ ಅಪರೂಪ, ಆದ್ದರಿಂದ ದಿಬ್ಬಗಳು ಹೆಚ್ಚುಕಡಿಮೆ ಹೆಪ್ಪುಗಟ್ಟಿ ನಿಂತಿವೆ ಎಂದು ಹಲವರು ನಂಬಿದ್ದರು. 2010ರಲ್ಲಿ ಕಾಕ್ ಹೊಡೆತದ ಹೊಸ್ತಿಲನ್ನು ಮಂಗಳಕ್ಕೆ ಲೆಕ್ಕ ಹಾಕಿದರು. ಭೂಮಿಯಲ್ಲಿ ಆರಂಭದ ಹೊಸ್ತಿಲಿನ ಶೇಕಡಾ 80ರಷ್ಟಿರುವ ಅದು ಅಲ್ಲಿ ಶೇಕಡಾ 10ರ ಆಸುಪಾಸು ಎಂದು ಬಂತು. ಗುರುತ್ವ ಕಡಿಮೆ, ಗಾಳಿಯ ತಡೆ ಕಡಿಮೆ, ಹಾಗಾಗಿ ಜಿಗಿತ ಉದ್ದ, ಹೊಡೆತ ಗಟ್ಟಿ. ಒಂದು ಜೋರು ಬೀಸು ಮರಳನ್ನು ಕದಲಿಸಿದರೆ ಅದರ ನಂತರ ಬಹಳ ಮಂದ ಗಾಳಿಯೂ ಅದನ್ನು ಓಡಿಸಬಲ್ಲದು. 2012ರಲ್ಲಿ ಪ್ರಕಟವಾದ ಉಪಗ್ರಹ ಚಿತ್ರಗಳ ಹೋಲಿಕೆ ನೀಲಿ ಪಟೆರಾ ಎಂಬಲ್ಲಿನ ದಿಬ್ಬಗಳು ಸಾಗುತ್ತಿರುವುದನ್ನು, ಅಲ್ಲಿನ ಮರಳಿನ ಹರಿವು ಅಂಟಾರ್ಕ್ಟಿಕಾದ ವಿಕ್ಟೋರಿಯಾ ಕಣಿವೆಯ ದಿಬ್ಬಗಳಿಗೆ ಸರಿಸಮವಾಗಿರುವುದನ್ನು ತೋರಿಸಿತು. ಮಂಗಳದ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ವಾಹನ ಹಾದುಹೋದ ದಿಬ್ಬಗಳಿಗೆ ಬ್ಯಾಗ್ನಾಲ್ಡ್ ಹೆಸರನ್ನೇ ಇಟ್ಟಿದ್ದಾರೆ. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ, ಎರಡು ಹೊಸ್ತಿಲುಗಳ ಅವರ ಕಾಣ್ಕೆಗಾಗಿ.

ನಮ್ಮ ತಲಕಾಡನ್ನೂ ಈ ಕಣ್ಣಿನಿಂದ ನೋಡಬೇಕು. ಕಾವೇರಿಯ ತಿರುವಿನಲ್ಲಿರುವ ಆ ಊರಿನ ಗುಡಿಗಳನ್ನು ಮರಳು ಮುಚ್ಚಿದ್ದನ್ನು ನಾವು ಅಲಮೇಲಮ್ಮನ ಶಾಪದ ಕತೆಯ ಮೂಲಕ ಬಲ್ಲೆವು. ವೈಜ್ಞಾನಿಕವಾಗಿ ವಿವರಿಸುವಾಗಲೂ ನೈಋತ್ಯದ ಗಾಳಿ ಹೊಳೆಯ ಮರಳನ್ನು ಹೊತ್ತು ತಂದಿತು ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತೇವೆ. ಆದರೆ ನೈಋತ್ಯ ಮಾರುತ ಬಲವಾಗಿ ಬೀಸುವ ತಿಂಗಳುಗಳಲ್ಲೇ ಮಳೆ ಬಂದು ಹೊಳೆ ತುಂಬುತ್ತದೆ. ಆಗ ಹೊಳೆಯ ಪಾತ್ರ ನೀರಿನಡಿ, ದಡದ ಮರಳು ತೇವ. ಬಿರುಗಾಳಿಗೆ ಎಷ್ಟೇ ಶಕ್ತಿ ಇದ್ದರೂ ಚಿಮ್ಮಲು ಒಣ ಕಣವಿಲ್ಲ. ಆದ್ದರಿಂದ ಅಲ್ಲಿ ಕೇಳಬೇಕಾದ ಪ್ರಶ್ನೆ ಗಾಳಿ ಎಷ್ಟು ಜೋರು ಎಂಬುದಕ್ಕಿಂತ, ಯಾವ ತಿಂಗಳಲ್ಲಿ ಎಷ್ಟು ಅಗಲದ ಪಾತ್ರ ಒಣಗಿ ತೆರೆದುಕೊಂಡಿತ್ತು ಎಂಬುದು. ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆಯನ್ನು ಈ ಚರ್ಚೆಗೆ ತಂದವರು ಕೇಳಿದ್ದೂ ಅದೇ: ಹೊಳೆಯ ಪಾತ್ರಕ್ಕೆ, ನೆಲಕ್ಕೆ, ಏನಾಯಿತು?

ಹಾಗಾದರೆ ಏನು ಮಾಡಬೇಕು? ಪಠ್ಯಪುಸ್ತಕಗಳು ಘನಸೂತ್ರವನ್ನು ಇತಿಹಾಸದ ಅಧ್ಯಾಯಕ್ಕೆ ಸರಿಸಿ, ಒಂದಕ್ಕೆ ಒಂದು ಎಂಬ ತತ್ವದಿಂದ ಪಾಠ ಆರಂಭಿಸಲಿ. ಪದವಿ ತರಗತಿಯ ವಿದ್ಯಾರ್ಥಿಗೆ ಅದು ಹಳೆಯ ವ್ಯುತ್ಪತ್ತಿಗಿಂತ ಸುಲಭ, ಯಾವುದು ಯಾವುದಕ್ಕೆ ಕಾರಣ ಎಂಬುದನ್ನು ತೋರಿಸುವುದರಿಂದ ಹೆಚ್ಚು ಉಪಯುಕ್ತ. ಮರಳುಬೇಲಿ, ಕಾಲುವೆ, ರಸ್ತೆಗಳ ವಿನ್ಯಾಸ ಮಾಡುವವರು ಒಂದೇ ಸೂತ್ರದ ಸ್ಥಿರಾಂಕವನ್ನು ತಿದ್ದುತ್ತ ಕೂರುವ ಬದಲು, ನೆಲ ಸಡಿಲವೋ ಗಟ್ಟಿಯೋ ಎಂದು ಮೊದಲು ಗುರುತಿಸಿ ಅದಕ್ಕೆ ತಕ್ಕ ನಿಯಮ ಬಳಸಲಿ. ಧೂಳಿನ ಮಾದರಿಗಳನ್ನು ಬರೆಯುವವರು ತಮ್ಮ ಸೂತ್ರದ ಘಾತವನ್ನು ಒಮ್ಮೆ ಬದಲಿಸಿ ಓಡಿಸಿ, ತಮ್ಮ ಫಲಿತಾಂಶಗಳಲ್ಲಿ ಎಷ್ಟು ಪಾಲು ಆ ಘಾತದಿಂದಲೇ ಬಂದದ್ದು ಎಂಬುದನ್ನು ಓದುಗರ ಮುಂದಿಡಲಿ. ಗಾಳಿಯನ್ನು ಅಳೆಯುವ ಕೇಂದ್ರಗಳು ನಮ್ಮಲ್ಲಿ ಸಾವಿರಾರಿವೆ. ಅವುಗಳ ಬುಡದಲ್ಲಿ ಎಂಥ ನೆಲವಿದೆ, ಎಷ್ಟು ತೇವವಿದೆ, ಕಣದ ಗಾತ್ರವೆಷ್ಟು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸುವವರೆಗೆ ಮರಳಿನ ಬಗ್ಗೆ ನಾವು ಹಾಕುವ ಲೆಕ್ಕ ಅರ್ಧ ಲೆಕ್ಕವೇ.